ಕಳಲೆ ನೆನೆಸಿದ ನೀರು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಬ್ಬಾಕೆ ಹೆಚ್ಚಿದ ಕಳಲೆಯನ್ನು ಟಬ್ಬಿನ ನೀರಿನಲ್ಲಿ ಮುಳುಗಿಸಿಟ್ಟು ಮಾರುತ್ತಿದ್ದಳು. ಎಳೆ ಬಿದಿರಿನ ಆ ಹುಳಿ ವಾಸನೆ ಮೂಗಿಗೆ ತಾಗಿದ್ದೇ ಪಕ್ಕದ ಮನೆಯ ಆಂಟಿ ನೆನಪಾದರು. ಈ ಬಹುವಚನವೂ ನನಗೆ ಇಷ್ಟವಿಲ್ಲ, ಅಭ್ಯಾಸ ಬಿಡುವುದಿಲ್ಲ.

ನಾನು ಚಿಕ್ಕವಳಿದ್ದಾಗ ನಾವು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆವು. ಅಮ್ಮ ಚಿತ್ರದುರ್ಗದ ಕಡೆಯವಳು, ಕಳಲೆ ಕಂಡವಳಲ್ಲ. ಅಪ್ಪನ ಕಡೆಯವರು ಊಟಕ್ಕೆ ಬರುವವರಿದ್ದರು. ಈ ಸೀಮೆಯ ಅಡುಗೆ ಮಾಡಿ ಬಡಿಸುವ ಆಸೆಯಿಂದ ಅಮ್ಮ ಆಂಟಿಯನ್ನು ಕೇಳಿದಳು. ತೀರ್ಥಹಳ್ಳಿ ಕಡೆಯ ಆಂಟಿ ಕಾಯಿ ಎಷ್ಟು, ಸಾಸಿವೆ ಎಷ್ಟು, ಎಲ್ಲ ಹೇಳಿದರು. ಹೆಚ್ಚಿದ ಮೇಲೆ ಮೂರು ದಿನ ನೆನೆಸಿ, ದಿನವೂ ನೀರು ಬದಲಿಸದಿದ್ದರೆ ಬಾಯಿಗಿಡಲಾಗದಷ್ಟು ಕಹಿ ಎಂಬುದೊಂದನ್ನು ಬಿಟ್ಟು. ಬೇಕೆಂದೇ ಬಿಟ್ಟರು. ನಾನು ಅಲ್ಲೇ ಇದ್ದೆ... ಇದ್ದೆನೇ?

ಅಜ್ಜಿ ಮೊದಲ ತುತ್ತನ್ನೇ ಎಲೆಯ ಅಂಚಿಗೆ ಉಗಿದು, "ಇದೇನವ್ವ, ಬೇವಿನಸೊಪ್ಪು ಬೇಯ್ಸಿಟ್ಟಿದೀಯಾ?" ಎಂದರು. ಚಿಕ್ಕಪ್ಪಂದಿರು ನಕ್ಕರು. ಅಮ್ಮ ಒಂದೊಂದೇ ಎಲೆಯ ಮುಂದೆ ಬಗ್ಗಿ ಪಲ್ಯವನ್ನು ಬಳಿದು ತೆಗೆದಳು.

ಮರುದಿನ ಕಾಂಪೌಂಡಿನ ಮೇಲೆ ಆಂಟಿಯ ತಲೆ ಕಾಣಿಸಿತು.

"ಹೆಂಗಾಗಿತ್ತು ಮಾರಾಯ್ತಿ ಪಲ್ಯ?"

"ಚೆನ್ನಾಗಿತ್ತು ಅಕ್ಕ."

ಆಂಟಿ ನಕ್ಕರು. ಆ ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ಅಮ್ಮ ಮತ್ತೆ ಅವರೊಂದಿಗೆ ಮಾತಾಡಲಿಲ್ಲ, ಸಾಯುವವರೆಗೆ ಒಂದೂ ಹೊಸ ಅಡುಗೆಗೆ ಕೈ ಹಾಕಲಿಲ್ಲ. ಅದನ್ನು ನಾನು ಸೇರಿಸಿದ್ದಲ್ಲ.

ಈಗ ನಾನಿರುವುದು ಶಿವಮೊಗ್ಗದಲ್ಲಿ. ಪ್ರತಿ ಆಷಾಢಕ್ಕೆ ಕಾಲೇಜಿನ ಗೆಳತಿಯರು ತಿನ್ನಲಿಕ್ಕೆಂದೇ ಬರುತ್ತಾರೆ. ಮದುವೆಗಳಿಲ್ಲದ ತಿಂಗಳು, ಲಾಡ್ಜಿನಲ್ಲಿ ರೂಮು ಸಿಗುತ್ತದೆ, ಹೋಟೆಲಿನಲ್ಲಿ ಕಾಯಬೇಕಿಲ್ಲ. ಬೆಳಗ್ಗೆ ಕಡುಬು ಎಲ್ಲಿ, ಸಂಜೆ ಮಂಡಕ್ಕಿ ಎಲ್ಲಿ ಎಂದು ಎರಡು ದಿನದ ಪಟ್ಟಿ ಮಾಡುವವಳು ನಾನು. ಹೋದ ವರ್ಷ ಒಬ್ಬಳು ಫೋನಿನಲ್ಲಿ, "ಭದ್ರಾವತೀಲಿ ಒಬ್ರು ಅಜ್ಜಿ ಮನೇಲೇ ಊಟ ಹಾಕ್ತಾರಂತೆ ಕಣೇ. ಕಳಲೆ ಪಲ್ಯ ಫೇಮಸ್ಸಂತೆ," ಎಂದು ಹೇಳಿ ಫೋಟೋ ಕಳಿಸಿದಳು. ಫೋಟೋದಲ್ಲಿ ಆಂಟಿ.

ಆರು ಊಟ ಹೇಳಿದೆ. ಎಲ್ಲರೆದುರು ಉಗಿಯಬೇಕು, ಆಮೇಲೆ ನಾನು ಯಾರ ಮಗಳೆಂದು ಹೇಳಬೇಕು. ಆ ವಾರವಿಡೀ ಮನಸ್ಸು ಎಷ್ಟು ಹಗುರವಾಗಿತ್ತೆಂದರೆ, ಪಾತ್ರೆ ತೊಳೆಯುವಾಗಲೂ ಗುನುಗುತ್ತಿದ್ದೆ.

ಪಲ್ಯ ಚೆನ್ನಾಗಿತ್ತು. ಅಂಥದ್ದನ್ನು ನಾನು ತಿಂದೇ ಇರಲಿಲ್ಲ. ಗೆಳತಿಯರು ಕೈ ಹಾಕುವ ಮೊದಲೇ ಉಗಿದೆ.

"ಥೂ, ಕಹಿ! ಯಾರೂ ತಿನ್ಬೇಡ್ರೇ!"

ಆಂಟಿ ಪಾತ್ರೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಜಗಳಕ್ಕೆ ಬರುತ್ತಾರೆಂದು ಕಾದೆ.

"ನಂಗೆ ಈಗೀಗ ರುಚಿನೇ ಗೊತ್ತಾಗಲ್ಲ. ಕೈ ಅಂದಾಜಲ್ಲಿ ಮಾಡ್ತೀನಿ ಅಷ್ಟೆ. ತಪ್ಪಾಯ್ತು ಮಕ್ಳೆ."

ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಸುರಿದರು. ವಾಪಸ್ ಬಂದು ಎಲ್ಲರ ಎಲೆಯಿಂದ ಬಳಿದು ತೆಗೆದರು ಎಂದು ಬರೆಯಲು ಕೈ ಹೋಗುತ್ತಿದೆ. ಇಲ್ಲ, ಅದು ಅಮ್ಮ.

ನಾನು ಯಾರೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ... ಅರ್ಧ ಕೆಲಸ ಹಾಗೇ ಉಳಿಯಿತು.

ಕಳಲೆಯ ವಾಸನೆ ಹೊತ್ತು ಬಜಾರಿನಿಂದ ಮನೆಗೆ ಬಂದವಳೇ ಭದ್ರಾವತಿಗೆ ಫೋನ್ ಮಾಡಿದೆ. ಕ್ಷಮೆ ಕೇಳಲಿಕ್ಕಲ್ಲ, ಉಳಿದದ್ದನ್ನು ಹೇಳಿ ಮುಗಿಸಲಿಕ್ಕೆ. ಸೊಸೆ ಎತ್ತಿಕೊಂಡಳು.

"ನಮ್ಮತ್ತೆ ಹೋಗ್ಬಿಟ್ರು, ದೀಪಾವಳಿ ಹಿಂದಿನ ವಾರ. ಊಟ ಹಾಕೋದು ಆಷಾಢದಲ್ಲೇ ನಿಲ್ಸಿದ್ರು, ಯಾರೋ ಏನೋ ಅಂದ್ರಂತೆ. ಕಳಲೆ ನಂಗೆ ಬರಲ್ಲ. ಹೇಳ್ಕೊಡಿ ಅಂದ್ರೆ ಒಪ್ತಿರ್ಲಿಲ್ಲ. ಹಿಂದೆ ಒಬ್ರಿಗೆ ಹೇಳ್ಕೊಟ್ಟೆ, ಯಾಕೋ ಏನೋ ಮಾತೇ ಬಿಟ್ರು ಅಂತಿದ್ರು... ತಾವ್ಯಾರು?"

ಅಮ್ಮನ ಹೆಸರು ಬಾಯಿಗೆ ಬಂದಿತ್ತು. ಅದನ್ನು ಕೇಳಿ ತಲೆ ತಗ್ಗಿಸಬೇಕಾದವರೇ ಇರಲಿಲ್ಲ.

"ಹೊರಗಿನೋರು," ಎಂದೆ. "ಊಟಕ್ಕೆ ಕೇಳೋಣ ಅಂತ..."