ಹೊತ್ತು ನೋಡಿ, ಆಮೇಲೆ ಕೊಳ್ಳಿ ಎನ್ನುವ ಲೆನ್ಸಕ್ಕ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಶಾಲೆಯ ಆಟದ ಮೈದಾನದಲ್ಲಿ ಹುಲ್ಲು ಇನ್ನೂ ಒದ್ದೆಯಾಗಿದೆ. ಬದಿಯ ಸಿಮೆಂಟು ಮೆಟ್ಟಿಲ ಮೇಲೆ ಹಳೆಯ ಟವೆಲೊಂದನ್ನು ಹಾಸಿ, ಐವತ್ತೆರಡರ ಹೆಂಗಸೊಬ್ಬರು ಅದರ ಮೇಲೆ ಮೂರು ಲೆನ್ಸ್‌ಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಾರೆ. ಮೊದಲನೆಯದು ನೀರಿನ ಲೋಟದಷ್ಟಿದೆ. ಎರಡನೆಯದು ಹೂಜಿಯ ಗಾತ್ರ. ಮೂರನೆಯದನ್ನು ಕೂಸು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಬೇಕು.

ಅವರ ಮುಂದೆ ನಿಂತಿರುವ ನಿವೃತ್ತ ನರ್ಸಮ್ಮನಿಗೆ ಅರವತ್ತಮೂರು. ಮೂರನೆಯದರ ಮೇಲೆಯೇ ಅವರ ಕಣ್ಣು.

"ಅದೇ ಬೇಕು ನಂಗೆ. ಆರುನೂರು ಎಂಎಂದು, ಎಲ್ಲಕ್ಕಿಂತ ದೂರದ್ದನ್ನ ಹತ್ರ ತರೋದು."

"ಕೊಡೋಣ. ಮೊದಲು ಹತ್ತು ನಿಮಿಷ ಹಿಡ್ಕೊಂಡು ನಿಂತ್ಕೊಳ್ಳಿ. ಕೂತ್ಕೋಬಾರದು, ಗೋಡೆಗೆ ಒರಗಬಾರದು."

"ಹತ್ತು ನಿಮಿಷ ಏನು ಮಹಾ! ಮೂವತ್ತೈದು ವರ್ಷ ರೋಗಿಗಳನ್ನ ಎತ್ತಿದ ಕೈ ಇದು."

ನಾಲ್ಕನೆಯ ನಿಮಿಷಕ್ಕೆ ಆ ಕೈ ಇಳಿಯುತ್ತದೆ. ನರ್ಸಮ್ಮ ನಕ್ಕುಬಿಡುತ್ತಾರೆ. "ರೋಗಿ ಆಗಿದ್ರೆ ಅವನೂ ಸ್ವಲ್ಪ ಸಹಕರಿಸ್ತಿದ್ದ."

ಲೆನ್ಸ್ ನಿಲ್ಲಿಸಿದ ಹೆಂಗಸನ್ನು ಈ ಊರಿನ ಕ್ಯಾಮೆರಾ ಮಂದಿ ಕರೆಯುವುದು ಲೆನ್ಸಕ್ಕ ಎಂದು. ಅವರ ಕಸುಬು ಲೆನ್ಸ್ ರಿಪೇರಿ. ಜೆರಾಕ್ಸ್ ಅಂಗಡಿಯೊಂದರ ಮೇಲೆ, ಹದಿನೇಳು ಕಡಿದಾದ ಮೆಟ್ಟಿಲು ಹತ್ತಿದರೆ ಅವರ ಕೋಣೆ. ಒಂದು ಮೇಜು, ಕುತ್ತಿಗೆ ಬಗ್ಗಿಸುವ ದೀಪ, ಸ್ಕ್ರೂಗಳನ್ನು ಹಾಕಿಡಲು ಖಾಲಿ ಮಾತ್ರೆ ಡಬ್ಬಿಗಳು. ದಿನಕ್ಕೆ ನಾಲ್ಕು ಲೆನ್ಸ್ ಬಿಚ್ಚುತ್ತಾರೆ, ಕೈ ಓಡಿದರೆ ಐದು. ಒಂದೊಂದರಲ್ಲೂ ಮೂವತ್ತು ನಲವತ್ತು ಸ್ಕ್ರೂ. ಅವುಗಳಲ್ಲಿ ಕೆಲವು ಸಾಸಿವೆಯ ಅರ್ಧದಷ್ಟಿವೆ. "ಕೆಲಸ ಮಾಡುವಾಗ ಯಾರೂ ಸೀನಬಾರದು, ಅದೊಂದೇ ನನ್ನ ಕಾನೂನು" ಎನ್ನುತ್ತಾರೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸಲು ಸ್ಟುಡಿಯೋ ಸೇರಿದವರು ಅವರು. ಸ್ಟುಡಿಯೋದ ಯಜಮಾನರಿಗೆ ಕಣ್ಣು ಮಂಜಾಗತೊಡಗಿದಾಗ ಲೆನ್ಸ್ ಬಿಚ್ಚುವ ಕೆಲಸ ಇವರ ಪಾಲಿಗೆ ಬಂತು. "ನಿನ್ನ ಬೆರಳು ಸಣ್ಣ, ತಾಳ್ಮೆ ದೊಡ್ಡದು, ಕಲ್ತ್ಕೋ" ಎಂದರಂತೆ ಯಜಮಾನರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಎರಡು ವರ್ಷ ಗಡಿಯಾರ, ಕನ್ನಡಕದ ಫ್ರೇಮು, ಹೊಲಿಗೆ ಯಂತ್ರ ಎಂದು ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡಿ ದಿನ ದೂಡಿದರು. ಆಮೇಲೆ ಈ ಕೋಣೆ ಹಿಡಿದರು.

ಮೊದಮೊದಲು ಮೆಟ್ಟಿಲು ಹತ್ತಿ ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ರಿಪೇರಿಯವರು ಇಲ್ವಾ ಅಮ್ಮಾ?"

"ನಾನೂ ಎಷ್ಟು ದಿನ ಅಂತ ವಾದ ಮಾಡ್ಲಿ? 'ಒಳಗಿದ್ದಾರೆ, ಕರೀತೀನಿ' ಅಂತ ಪರದೆ ಹಿಂದೆ ಹೋಗ್ತಿದ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ವಾಪಸ್ ಬಂದು 'ಹೇಳಿ, ಏನಾಗಿದೆ?' ಅಂತಿದ್ದೆ. ಅವರ ಮುಖ ನೋಡ್ಬೇಕಿತ್ತು ನೀವು!"

ಬೆಳಗಿನ ಈ ಮೈದಾನದ ಪಾಠ ಹುಟ್ಟಿದ್ದು ಬೂಷ್ಟಿನಿಂದ. ಉದ್ದದ ಲೆನ್ಸ್‌ಗಳು ಒಂದರ ಹಿಂದೊಂದು ಅವರ ಮೇಜಿಗೆ ಬರುತ್ತಿದ್ದವು. ಒಳಗಿನ ಗಾಜಿಗೆಲ್ಲ ಜೇಡರ ಬಲೆಯಂತೆ ಬೂಷ್ಟು, ಹೊರಗೆ ನೋಡಿದರೆ ಒಂದು ಗೀರೂ ಇಲ್ಲ. "ಯಾಕೆ ಬಳಸಿಲ್ಲ?" ಎಂದು ಕೇಳಿದರೆ ಒಬ್ಬರು ಭಾರ ಎಂದರು. ಇನ್ನೊಬ್ಬರು ಫೋಟೋ ಎಲ್ಲ ಅಲುಗಿ ಬಂತು ಎಂದರು. ಮಗುವಿನ ನಾಟಕಕ್ಕೆಂದು ಕೊಂಡವರೊಬ್ಬರಿಗೆ ಸಭಾಂಗಣದ ಮಂದ ಬೆಳಕಿನಲ್ಲಿ ಬರೀ ಕತ್ತಲು ಸಿಕ್ಕಿತ್ತು. ಆಸೆಪಟ್ಟು ಕೊಂಡ ಮೊದಲ ಉದ್ದ ಲೆನ್ಸ್ ಕಪಾಟು ಸೇರಿ ಕೊಳೆಯುತ್ತಿತ್ತು.

"ಕ್ಲೀನ್ ಮಾಡಿ ಕೊಟ್ರೆ ಮತ್ತೆ ಕಪಾಟಿಗೇ ಹೋಗುತ್ತೆ ಅಂತ ಗೊತ್ತಿದ್ದೂ ಕ್ಲೀನ್ ಮಾಡೋದು ಯಾಕೋ ಮನಸ್ಸಿಗೆ ಒಗ್ಗಲಿಲ್ಲ" ಎನ್ನುತ್ತಾರೆ. ಹೊಸದಾಗಿ ಕೊಳ್ಳುವವರು ಯಾರಾದರೂ ಸಿಕ್ಕರೆ, ಅಂಗಡಿಗೆ ಹೋಗುವ ಮೊದಲು ಮೈದಾನಕ್ಕೋ ಕೆರೆಯಂಚಿಗೋ ಬನ್ನಿ ಎನ್ನತೊಡಗಿದರು. ಬೆಳಿಗ್ಗೆಯೇ ಏಕೆ? ಬಿಸಿಲೇರಿದ ಮೇಲೆ ನೆಲದಿಂದ ಕಾವು ಏಳುತ್ತದೆ. ದೂರದ್ದೆಲ್ಲ ನೀರಿನೊಳಗಿಂದ ಕಂಡಂತೆ ತೇಲಾಡುತ್ತದೆ. ಜನ ಬೈಯುವುದು ಮಾತ್ರ ಲೆನ್ಸನ್ನು.

ಈ ಪರೋಪಕಾರ ಎಲ್ಲರಿಗೂ ಹಿಡಿಸಲಿಲ್ಲ. ದೊಡ್ಡ ರಸ್ತೆಯ ಕ್ಯಾಮೆರಾ ಅಂಗಡಿಯಿಂದ ಅವರಿಗೆ ತಿಂಗಳಿಡೀ ರಿಪೇರಿ ಬರುತ್ತಿತ್ತು. ಆರುನೂರರ ಲೆನ್ಸ್ ಕೊಳ್ಳಲು ಹೊರಟಿದ್ದ ಮೂವರು ಲೆನ್ಸಕ್ಕನ ಮಾತು ಕೇಳಿ ಸಣ್ಣದಕ್ಕೆ ಇಳಿದರು ಎಂದು ತಿಳಿದ ದಿನ ಅಂಗಡಿಯ ಮಾಲೀಕರು ಕೆಂಡವಾದರು. ರಿಪೇರಿ ಕಳಿಸುವುದು ನಿಂತಿತು. ಏಳು ತಿಂಗಳು ಮೇಜಿನ ದೀಪ ಉರಿದದ್ದೇ ಅಪರೂಪ. ದರ್ಜಿಯಾಗಿರುವ ಗಂಡ ಆಗ ಒಂದು ದಿನವೂ "ನಿನಗ್ಯಾಕೆ ಬೇಕಿತ್ತು" ಎನ್ನಲಿಲ್ಲವಂತೆ. "ಅವರು ಪ್ಯಾಂಟು ಬಿಗಿ ಆಗುತ್ತೆ ಅಂತ ಗಿರಾಕಿಗೆ ಮುಖಕ್ಕೇ ಹೇಳೋ ಮನುಷ್ಯ. ನಂಗೆ ಬುದ್ಧಿ ಹೇಳೋಕೆ ಅವರಿಗೆ ಬಾಯಿ ಎಲ್ಲಿದೆ?"

ಎಂಟನೆಯ ತಿಂಗಳು ಆ ಮಾಲೀಕರೇ ಏದುಸಿರು ಬಿಡುತ್ತಾ ಹದಿನೇಳು ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕೂತು, ನೀರು ಕುಡಿದು, ಗೋಡೆ ನೋಡುತ್ತಾ ಹೇಳಿದರು: "ಅಕ್ಕಾ, ನಿಮ್ಮ ಹತ್ರ ಬಂದು ಹೋದವರು ಯಾರೂ ಲೆನ್ಸ್ ವಾಪಸ್ ತಗೊಳ್ಳಿ ಅಂತ ಜಗಳಕ್ಕೆ ಬಂದಿಲ್ಲ. ಆ ಮೂವರಲ್ಲಿ ಇಬ್ಬರು ಇನ್ನೊಂದು ಲೆನ್ಸ್ ಕೊಳ್ಳೋಕೆ ಬಂದಿದ್ರು." ಅಂದಿನಿಂದ ರಿಪೇರಿಯೂ ಬರುತ್ತಿದೆ. ಜೊತೆಗೆ ಹಿಡಿದು ನೋಡಲು ಮೂರು ಲೆನ್ಸ್‌ಗಳೂ ಅವರ ಅಂಗಡಿಯಿಂದಲೇ ಬರುತ್ತವೆ. ಕೋಟಿನ ಒಳಬಟ್ಟೆಯಲ್ಲಿ ಉಳಿದ ತುಂಡುಗಳಿಂದ ಅವಕ್ಕೆ ಚೀಲ ಹೊಲಿದವರು ಗಂಡ.

ಮೈದಾನದಲ್ಲಿ ಈಗ ಹುಡುಗಿಯರ ಫುಟ್‌ಬಾಲ್ ಅಭ್ಯಾಸ ಶುರುವಾಗಿದೆ. ದೂರದ ಗೋಲಿನಲ್ಲಿ ಕೈಗವಸು ಹಾಕಿ ನಿಂತ ಹದಿನೈದರ ಹುಡುಗಿ ನರ್ಸಮ್ಮನ ಮೊಮ್ಮಗಳು. ಭಾನುವಾರ ಈ ವರ್ಷದ ಕೊನೆಯ ಪಂದ್ಯ. ಅಜ್ಜಿ ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಆದರೆ ಅವರ ಮೊಬೈಲಿನಲ್ಲಿರುವುದು ಬಲೆ, ಬೇರೆಯವರ ತಲೆ ಮತ್ತು ಎಳ್ಳುಕಾಳಿನಷ್ಟು ಮೊಮ್ಮಗಳು. ಮೇಲಾಗಿ ಅವರ ಬಲಗೈ ಸಣ್ಣಗೆ ನಡುಗುತ್ತದೆ. ಬೇರೊಂದು ಅಂಗಡಿಯಲ್ಲಿ ಅದನ್ನು ಕಂಡವನೊಬ್ಬ "ಅಜ್ಜಿ, ನಿಮಗೆ ಇದೆಲ್ಲ ಯಾಕೆ?" ಎಂದಿದ್ದನಂತೆ. ಆ ಮಾತು ಅವರಿಗೆ ಚೆನ್ನಾಗಿಯೇ ನಾಟಿದೆ.

ಆರುನೂರರದ್ದನ್ನು ಕ್ಯಾಮೆರಾಕ್ಕೆ ಹಾಕಿ ನರ್ಸಮ್ಮ ಮೊಮ್ಮಗಳ ಕೆಲವು ಫೋಟೋ ತೆಗೆಯುತ್ತಾರೆ, ಇಬ್ಬರೂ ಅವನ್ನು ನೋಡುತ್ತಾರೆ. "ಇದ್ರಲ್ಲಿ ಮೂಗಿದೆ. ಇದ್ರಲ್ಲಿ ಮೊಣಕಾಲಿದೆ. ಬಾಲ್ ಎಲ್ಲಿ?" ಎಂದು ನರ್ಸಮ್ಮ ಹುಡುಕುತ್ತಾರೆ.

"ಅಷ್ಟು ಹತ್ರಕ್ಕೆ ಎಳೆದ್ರೆ ಹಾರೋ ಹುಡುಗಿ ಫೋಟೋದಲ್ಲಿ ಹಿಡಿಸಲ್ಲ. ಅವಳ ಪಕ್ಕ ಜಾಗ ಬೇಕು, ಬಾಲ್ ಬರೋಕೆ."

ಹಾಗಾದರೆ ಚಿಕ್ಕದೇ ಇರಲಿ ಎಂದು ನರ್ಸಮ್ಮ ಲೋಟದಂಥದನ್ನು ಎತ್ತಿಕೊಳ್ಳುತ್ತಾರೆ. ಲೆನ್ಸಕ್ಕನ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನೂ ಅದೇ ಸರಿ ಎಂದುಕೊಳ್ಳುತ್ತೇನೆ. ಲೆನ್ಸಕ್ಕ ತಲೆ ಅಲ್ಲಾಡಿಸುತ್ತಾರೆ. ತೀರಾ ಹಗುರವಾದದ್ದು ನಡುಗುವ ಕೈಯ ಜೊತೆ ತಾನೂ ನಡುಗುತ್ತದಂತೆ. ಹೂಜಿಯ ಗಾತ್ರದ್ದನ್ನು, ಅಂದರೆ ನೂರರಿಂದ ನಾನೂರು ಎಂಎಂವರೆಗೆ ಎಳೆಯುವ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ, ಒಂಟಿ ಕಾಲಿನ ಸ್ಟ್ಯಾಂಡಿಗೆ ಕೂರಿಸುತ್ತಾರೆ. ಭಾರವನ್ನು ನೆಲ ಹೊತ್ತುಕೊಳ್ಳುತ್ತದೆ. ಇರುವ ಭಾರವೇ ಕೈಯನ್ನು ಅದುಮಿ ಹಿಡಿಯುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟೇ ಹೊತ್ತು ಕ್ಯಾಮೆರಾದ ಕಣ್ಣು ತೆರೆಯುವಂತೆ ಮಾಡಿಕೊಡುತ್ತಾರೆ.

"ಫೋಟೋ ಸ್ವಲ್ಪ ಕಾಳುಕಾಳಾಗಿ ಬರಬಹುದು. ತಲೆ ಕೆಡಿಸ್ಕೋಬೇಡಿ. ನಿಮ್ಮ ಕೈ ನಡುಗೋಕೆ ಮುಂಚೇನೇ ಇದು ಕಣ್ಣು ಮುಚ್ಚಿರುತ್ತೆ."

ನರ್ಸಮ್ಮ ಉಸಿರು ಹಿಡಿದು ಒತ್ತುತ್ತಾರೆ. ಪರದೆಯಲ್ಲಿ ಮೊಮ್ಮಗಳ ಹುಬ್ಬು ಗಂಟಿಕ್ಕಿರುವುದು ಕೂಡ ಕಾಣುತ್ತದೆ. ಅವರು ಪರದೆಗೆ ಮುಖ ಹತ್ತಿರ ತಂದು ನೋಡುತ್ತಾರೆ. ಆಮೇಲೆ ಹೇಳುತ್ತಾರೆ: "ಥೇಟ್ ಅವರಮ್ಮ ಸಿಟ್ಟು ಮಾಡ್ಕೊಂಡ ಹಾಗೆ!"

ಭಾನುವಾರ ಸಂಜೆ ನಾನೂ ಪಂದ್ಯಕ್ಕೆ ಹೋಗುತ್ತೇನೆ. ನರ್ಸಮ್ಮ ಹೊಸ ಲೆನ್ಸಿನೊಂದಿಗೆ ಗೆರೆಯ ಪಕ್ಕ ಬೇರೂರಿ ನಿಂತಿದ್ದಾರೆ. ಲೆನ್ಸಕ್ಕ ಹತ್ತು ಹೆಜ್ಜೆ ಹಿಂದೆ. "ಪಕ್ಕದಲ್ಲಿ ನಿಂತ್ರೆ ಬಾಯಿ ಹಾಕ್ತೀನಿ" ಎನ್ನುತ್ತಾರೆ. ಒಂದು ಗೋಲಿನ ಅಂತರದಲ್ಲಿ ಮೊಮ್ಮಗಳ ತಂಡ ಸೋಲುತ್ತದೆ. ಕಣ್ಣು ಕೆಂಪು ಮಾಡಿಕೊಂಡು ಬಂದ ಹುಡುಗಿಗೆ ಅಜ್ಜಿ ಫೋಟೋ ತೋರಿಸುತ್ತಾರೆ. ಎರಡೂ ಕಾಲು ನೆಲ ಬಿಟ್ಟಿವೆ, ಮೈ ಬಿಲ್ಲಿನಂತೆ ಬಾಗಿದೆ, ಬೆರಳ ತುದಿಗೆ ಚೆಂಡು ಸೋಕಿದೆ.

"ಅಜ್ಜೀ, ಇದು ಗೋಲ್ ಆಯ್ತಲ್ಲ! ಅದನ್ನೇ ತೆಗೆದಿದ್ದೀಯಾ?"

"ಗೋಲ್ ಆಗಿದ್ದು ಆಮೇಲೆ ಕಣೇ. ಇದ್ರಲ್ಲಿ ಇನ್ನೂ ಆಗಿಲ್ಲ."

ಹುಡುಗಿ ಮೂಗು ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಾಳೆ. ಮತ್ತೊಮ್ಮೆ ನೋಡುತ್ತಾಳೆ. "ಇಷ್ಟು ಎತ್ತರ ಹಾರಿದ್ನಾ ನಾನು?" ಎಂದು ಕ್ಯಾಮೆರಾ ಕಸಿದುಕೊಂಡು ಗೆಳತಿಯರ ಕಡೆಗೆ ಓಡುತ್ತಾಳೆ. "ಅಯ್ಯೋ, ಪಟ್ಟಿ ಕುತ್ತಿಗೆಗೆ ಹಾಕ್ಕೊಳೇ!" ಎಂದು ಇಬ್ಬರು ಹೆಂಗಸರೂ ಒಟ್ಟಿಗೆ ಕೂಗುತ್ತಾರೆ.

ಮರುದಿನ ಕೋಣೆಗೆ ಹೋದಾಗ, ನಿಮಗೆ ಇನ್ನೇನು ಬೇಕು ಎಂದು ಕೇಳುತ್ತೇನೆ. ಲೆನ್ಸಕ್ಕ ಬಿಚ್ಚಿದ ಗಾಜಿಗೆ ಬಾಯಿಂದ ಹಬೆ ಬಿಟ್ಟು, ಬಟ್ಟೆಯಿಂದ ಸುತ್ತಿಸುತ್ತಿ ಒರೆಸುತ್ತಾರೆ. ಆಮೇಲೆ ಕಿಟಕಿಯತ್ತ ಕೈ ತೋರಿಸುತ್ತಾರೆ. ಅಲ್ಲಿ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಒಂದು ನೀರಿನ ಪೈಪು.

"ದೂರ ಕಾಣೋ ಒಂದು ಕಿಟಕಿ ಸಾಕು. ನೋಡಿ, ಮೂವತ್ತು ವರ್ಷದಿಂದ ದೂರದ್ದನ್ನ ಹತ್ರ ತರೋ ಸಾಮಾನು ರಿಪೇರಿ ಮಾಡ್ತಿದ್ದೀನಿ. ಸರಿ ಆಯ್ತಾ ಅಂತ ಪರೀಕ್ಷೆ ಮಾಡೋಕೆ ಆ ಪೈಪೊಂದೇ ಗತಿ. ಅದರ ಒಂದೊಂದು ತುಕ್ಕೂ ನಂಗೆ ಹೆಸರು ಹಿಡಿದು ಗೊತ್ತು!"