ಹೊಲಕ್ಕೆ ದಾರಿ ಬಿಟ್ಟವರು

ನಮ್ಮ ಅತ್ತೆ ಬಾಗಿಲಲ್ಲಿ ತಲೆ ಬಗ್ಗಿಸುತ್ತಿರಲಿಲ್ಲ, ಮೊಣಕಾಲು ಮಡಿಸುತ್ತಿದ್ದರು. ಗಂಡಸರನ್ನೂ ಮೀರಿಸುವ ಎತ್ತರದ ಹೆಂಗಸು. ಹಳೆಯ ಮಣ್ಣಿನ ಮನೆಯ ಬಾಗಿಲುಗಳೋ ಗಿಡ್ಡ. ಎಲ್ಲರೂ ಕತ್ತು ಬಗ್ಗಿಸಿ ಒಳಗೆ ಬಂದರೆ ಇವರು ಬೆನ್ನು ನೆಟ್ಟಗೆ ಇಟ್ಟುಕೊಂಡೇ ಮೊಣಕಾಲಲ್ಲಿ ತುಸು ಕುಸಿದು, ಹೊಸ್ತಿಲು ದಾಟಿ, ಮತ್ತೆ ಎದ್ದು ನಿಲ್ಲುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ನಾನು ಸೊಕ್ಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ತಲೆಯ ಮೇಲೆ ಬುತ್ತಿಗಂಟು, ಮೇವಿನ ಹೊರೆ ಹೊತ್ತು ಬಾಗಿಲು ದಾಟಿ ದಾಟಿ ಬಂದ ರೂಢಿ ಅದು. ಹಾಗಂತ ಸೊಕ್ಕು ಇರಲೇ ಇಲ್ಲ ಅಂತಲೂ ಹೇಳಲಾರೆ.

ನನ್ನ ತವರು ಚಿಕ್ಕನರಗುಂದ. ಕೊಟ್ಟದ್ದು ರೋಣದ ಮಗ್ಗುಲಿನ ಒಂದು ಹಳ್ಳಿಗೆ. ಅದನ್ನು ಈಗ ಹಳ್ಳಿ ಅನ್ನುವಂತಿಲ್ಲ, ಪಟ್ಟಣ ಬಂದು ಅದಕ್ಕೆ ಅಂಟಿಕೊಂಡಿದೆ. ನಾನು ಬಂದಾಗ ಊರಿಗೂ ಪಟ್ಟಣಕ್ಕೂ ನಡುವೆ ಬರೀ ಎರೆಹೊಲಗಳಿದ್ದವು. ಮಳೆ ಬಿದ್ದ ಮರುದಿನ ಕಾಲಿಟ್ಟರೆ ಚಪ್ಪಲಿ ಕಿತ್ತು ತನ್ನಲ್ಲೇ ಇಟ್ಟುಕೊಳ್ಳುವ ಕರಿಮಣ್ಣು. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು, ಅವರ ಸಮಾಧಿ ಹೊಲದ ಬನ್ನಿಗಿಡದ ಬುಡದಲ್ಲಿತ್ತು. ನಮ್ಮ ಮನೆಯವರಿಗೆ ಗಜೇಂದ್ರಗಡದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ. ಒಕ್ಕಲುತನವೆಲ್ಲ ಅತ್ತೆಯದೇ.

ನನಗೆ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಾಗ ಮನೆಯಲ್ಲಿ ಯಾರಿಗೂ ಅಷ್ಟು ಖುಷಿಯಿರಲಿಲ್ಲ. ಅತ್ತೆ ಮಾತ್ರ, "ಹೋಗು. ಒಲಿ ಮುಂದ ಕುಂಡ್ರಾಕ ನಾ ಒಬ್ಬಾಕಿ ಸಾಕು" ಅಂದರು. ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ರೊಟ್ಟಿ ಬಡಿದು, ಅರಿವೆಯಲ್ಲಿ ಕಟ್ಟಿ ಇಟ್ಟಿರುತ್ತಿದ್ದರು. ಕೈಗೆ ಮಾತ್ರ ಎಂದೂ ಕೊಡಲಿಲ್ಲ. ಕಟ್ಟೆಯ ಮೇಲಿಟ್ಟು ಹೊಲದ ಕಡೆ ನಡೆದುಬಿಡುತ್ತಿದ್ದರು. ಅವರ ಪ್ರೀತಿಯೆಲ್ಲ ಹೀಗೇ, ಇಟ್ಟು ಹೋಗುವುದು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. "ಚಲೋ ಆತು" ಎನ್ನುತ್ತಿದ್ದರು. ಆ ಮಾತು ಬಂದ ದಿನ ಮನೆಯಲ್ಲಿ ಯಾರೂ ಎರಡನೆಯ ರೊಟ್ಟಿ ಕೇಳುತ್ತಿರಲಿಲ್ಲ.

ಹೊಲ ಹೆದ್ದಾರಿಯ ದಂಡೆಗಿತ್ತು. ಪಾಲಾದಾಗ ಅರ್ಧ ಅತ್ತೆಗೆ, ಅರ್ಧ ಅವರ ಮೈದುನನಿಗೆ, ಅಂದರೆ ನಮ್ಮ ಕಾಕಾನಿಗೆ ಬಂದಿತ್ತು. ಇಬ್ಬರ ಹೊಲದ ಹಿಂದೆ ಸಣ್ಣ ಹಿಡುವಳಿಯ ಕೆಲವು ಮನೆತನಗಳ ಹೊಲಗಳು, ಅದರಾಚೆ ಆಳವಾದ ಹಳ್ಳ. ಆ ಹಿಂದಿನ ಹೊಲದವರು ತಮ್ಮ ಭೂಮಿಗೆ ಹೋಗುತ್ತಿದ್ದುದು ಕಾಕಾನ ಪಾಲಿನಲ್ಲಿದ್ದ ಚಕ್ಕಡಿ ದಾರಿಯಿಂದ. ಅದು ಯಾವಾಗಿನಿಂದ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಕಾಕಾ ತನ್ನ ಪಾಲನ್ನು ಲೇಔಟ್ ಮಾಡಿದ. ಬಿಳಿ ಬಣ್ಣದ ಕಲ್ಲು ನೆಟ್ಟರು, ಹೆದ್ದಾರಿಗೆ ಮುಖ ಮಾಡಿ ಕಮಾನು ನಿಲ್ಲಿಸಿದರು, ಸುತ್ತ ಗೋಡೆ ಕಟ್ಟಿದರು. ಚಕ್ಕಡಿ ದಾರಿ ಗೋಡೆಯೊಳಗೆ ಹೋಯಿತು. ಹಿಂದಿನ ಹೊಲಗಳಲ್ಲಿ ಆಗ ಜೋಳ ತೆನೆ ಹಿರಿಯುತ್ತಿತ್ತು.

ಒಂದು ಸಂಜೆ ಆ ಹೊಲದವರೆಲ್ಲ ನಮ್ಮ ಕಟ್ಟೆಗೆ ಬಂದು ಕುಳಿತರು. ಅವರಲ್ಲಿ ಹಿರಿಯ ಈರಪ್ಪ. ಅವನೇ ಮಾತು ತೆಗೆದ.

"ಯವ್ವಾ, ದಾರಿ ಬಂದ್ ಆಗೈತಿ. ತಲಿಮ್ಯಾಲೆ ಹೊತ್ತು ಎಷ್ಟಂತ ತರೂಣು? ರಾಶಿ ಮಷಿನ್ ಹ್ಯಾಂಗ ಒಯ್ಯೂದು?"

ಅತ್ತೆ ಎದ್ದು, ಸೆರಗು ಸರಿಪಡಿಸಿಕೊಂಡು, ಕಾಕಾನ ಮನೆಗೆ ನಡೆದರು. ನಾನೂ ಹಿಂದೆ ಹೋದೆ. ಕಾಕಾ ಚಹಾ ತರಿಸಿದ. ಅತ್ತೆ ಮುಟ್ಟಲಿಲ್ಲ.

"ಆ ದಾರ್ಯಾಗ ನಿಮ್ಮಣ್ಣಾರು ಚಕ್ಕಡಿ ಹೊಡದಾರ, ನಿಮ್ಮಪ್ಪಾರು ಹೊಡದಾರ. ಈಗ ದಾರಿನ ಇಲ್ಲಂದ್ರ ಹ್ಯಾಂಗೊ?"

"ಆಗ ಹೊಲ ಇತ್ರಿ ವೈನಿ, ಈಗ ಪ್ಲಾಟ್ ಆಗೈತಿ. ಅದು ರೂಢಿ ದಾರಿ, ನಕ್ಷಾದಾಗ ಇಲ್ಲ. ನಿಮಗ್ಯಾಕ್ರಿ ಈ ಉಸಾಬರಿ?"

"ಅವರು ರಾಶಿ ಹ್ಯಾಂಗ ಮನಿಗೆ ತರಬೇಕು?"

ಕಾಕಾ ನಕ್ಕ. "ಒಂದ ಉಪಾಯ ಐತ್ರಿ. ನನಗ ಮಾರ್ಲಿ. ದಾರಿ ಇಲ್ಲದ ಹೊಲಕ್ಕ ಬ್ಯಾರೆ ಯಾರು ಬರ್ತಾರ?"

"ಹಂಗಾದ್ರ ನೀ ಗ್ವಾಡಿ ದಾರಿಗೆ ಕಟ್ಟಿಲ್ಲ, ಅವರ ಕುತಿಗಿಗೆ ಕಟ್ಟೀದಿ" ಎಂದು ಅತ್ತೆ ಎದ್ದು ಬಂದರು.

ಮರುದಿನ ಬೆಳಿಗ್ಗೆ ಅವರು ಟ್ರ್ಯಾಕ್ಟರ್ ಕರೆಸಿದರು. ನಮ್ಮ ಹೊಲದಲ್ಲಿ ಕಡಲೆ ಹೂವಾಡುತ್ತಿತ್ತು. ಹೆದ್ದಾರಿಯಿಂದ ಹಿಂದಿನ ಬದುವಿನವರೆಗೆ, ಹೊಲದ ಒಂದು ಅಂಚಿಗೆ, ಎರಡು ಚಕ್ಕಡಿ ಎದುರುಬದುರು ಹಾಯುವಷ್ಟು ಅಗಲಕ್ಕೆ ಅತ್ತೆ ಮುಂದೆ ಮುಂದೆ ನಡೆದರು, ಅವರ ಹಿಂದೆ ಟ್ರ್ಯಾಕ್ಟರ್ ಪೀಕು ಕಿತ್ತುಕೊಂಡು ಬಂತು. ಸುದ್ದಿ ತಿಳಿದು ನಮ್ಮ ಮನೆಯವರು ಗಜೇಂದ್ರಗಡದಿಂದ ಓಡಿ ಬಂದರು.

"ಯವ್ವಾ, ಹುಚ್ಚ ಹಿಡದೈತೇನ ನಿನಗ? ಹೂವಿಗೆ ಬಂದ ಪೀಕು!"

"ಪೀಕು ಬರೂ ವರ್ಷ ಬರ್ತೈತಿ. ಅವರ ಹೊಲಾ ಹೋತಂದ್ರ ಬರೂದಿಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಆ ಪಟ್ಟಿಯನ್ನು ಸಾರ್ವಜನಿಕ ದಾರಿಯೆಂದು ಬರೆದುಕೊಟ್ಟರು. ಸಹಿ ಮಾಡಿಸಲು ಬಂದವರು, "ಅವ್ವಾರ, ಬರೇ ದಾರಿ ಬಿಟ್ರ ಸಾಕಿತ್ತಲ್ರಿ, ಬರದ್ಯಾಕ ಕೊಡ್ತೀರಿ?" ಎಂದು ಕೇಳಿದರು. ಅತ್ತೆ ಪಕ್ಕದಲ್ಲೇ ಕುಳಿತಿದ್ದ ಮಗನ ಕಡೆ ನೋಡದೆಯೇ ಹೇಳಿದರು: "ನಾ ಸತ್ತಮ್ಯಾಲೆ ನನ್ನ ಮಗಾನೂ ಒಂದು ಗ್ವಾಡಿ ಕಟ್ಟಿದ್ರ?"

ಆಮೇಲೆ ಕೆಲವು ವರ್ಷ ಚೆನ್ನಾಗಿ ನಡೆಯಿತು. ಹಿಂದಿನ ಹೊಲದವರು ಆ ದಾರಿಯಲ್ಲಿ ರಾಶಿ ಹೇರಿಕೊಂಡು ಹೋಗುವಾಗ ನಮ್ಮ ಕಟ್ಟೆಯ ಮೇಲೆ ಒಂದು ಪುಟ್ಟಿ ಹೆಸರುಕಾಯಿಯನ್ನೋ ಒಂದು ಹಿಡಿ ಹಸಿ ಕಡಲೆಗಿಡವನ್ನೋ ಇಟ್ಟು ಹೋಗುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕುಳಿತು ಹಸಿ ಕಡಲೆ ಬಿಡಿಸಿ ತಿನ್ನುತ್ತ, ಚಕ್ಕಡಿಯವರನ್ನೆಲ್ಲ ಹೆಸರು ಹಿಡಿದು ಕೂಗಿ ಮಾತಾಡಿಸುತ್ತಿದ್ದರು. ಅವರನ್ನು ಅಷ್ಟು ಹಗುರಾಗಿ ನಾನು ಮತ್ತೆ ಕಾಣಲಿಲ್ಲ.

ಪಟ್ಟಣದ ಹದ್ದು ವಿಸ್ತಾರವಾಗಿ ನಮ್ಮ ಊರಿನ ಹೊಲಗಳೆಲ್ಲ ಅದರೊಳಗೆ ಬಂದವು. ಊರು ಮುಂದೆ ಹೇಗೆ ಬೆಳೆಯಬೇಕೆಂದು ನಕ್ಷೆ ಮಾಡಿದ್ದಾರೆ, ತಕರಾರಿದ್ದವರು ಬಂದು ಹೇಳಬಹುದು ಎಂದು ಡಂಗುರ ಹೊಡೆಸಿದರು. ಅತ್ತೆ ನನಗೆ ರಜೆ ಹಾಕಿಸಿ ಪುರಸಭೆಯ ಕಚೇರಿಗೆ ಕರೆದುಕೊಂಡು ಹೋದರು. ಗೋಡೆಯ ತುಂಬ ಬಣ್ಣ ಬಣ್ಣದ ನಕ್ಷೆ. ತೋರಿಸುತ್ತಿದ್ದ ಹುಡುಗ ಒಳ್ಳೆಯವನು, ಅತ್ತೆಗೆ ಕುರ್ಚಿ ಹಾಕಿಕೊಟ್ಟ.

"ನಮ್ಮ ಹೊಲ ಎಲ್ಲೈತ್ರಿ?"

ಅವನು ಬೆರಳಿಟ್ಟು ತೋರಿಸಿದ. ಆ ಜಾಗವೆಲ್ಲ ಹಳದಿ.

"ಈ ಹಳದಿ ಅಂದ್ರ ಏನ್ರಿ?"

"ವಸತಿ ಅಂತ್ರಿ ಅವ್ವಾರ. ಮನಿ ಬರೂ ಜಾಗಾ."

"ಅಲ್ಲಿ ನಾ ಜ್ವಾಳ ಬಿತ್ತೀನಲ್ರಿ?"

"ಬಿತ್ರಿ, ಯಾರು ಬ್ಯಾಡಂತಾರ? ಆದ್ರ ಊರು ಬೆಳೀಬೇಕಲ್ರಿ."

"ಊರು ಬೆಳೀಲಿ. ಜ್ವಾಳ ಎಲ್ಲಿ ಬೆಳೀಬೇಕು?"

ಅವನು ನಕ್ಷೆಯ ಮೂಲೆಯಲ್ಲಿದ್ದ ಹಸಿರನ್ನು ತೋರಿಸಿದ. ಅದು ಹಳ್ಳದಾಚೆಯ ಗರಸಿನ ದಿಬ್ಬ, ಹುಲ್ಲು ಕೂಡ ಅರೆಮನಸ್ಸಿನಿಂದ ಹುಟ್ಟುವ ನೆಲ. ತಕರಾರು ನಾನು ಬರೆದೆ, ಅವರು ಸಹಿ ಹಾಕಿದರು. ಅದಕ್ಕೆ ಉತ್ತರ ಬರಲಿಲ್ಲ.

ನಕ್ಷೆ ಹಳದಿಯಾದ ಮೇಲೆ ಕಾಕಾ ಮತ್ತೆ ಹಿಂದಿನ ಹೊಲದವರ ಮನೆಗಳಿಗೆ ಹೋಗತೊಡಗಿದ. ಈ ಸಲ ಹೆದರಿಸಲಿಕ್ಕಲ್ಲ, ಕೈ ಮುಗಿಯಲಿಕ್ಕೆ. ಲೇಔಟ್ ಮಾಡಬೇಕೆಂದರೆ ಹೆದ್ದಾರಿಯಿಂದ ಸಾರ್ವಜನಿಕ ದಾರಿ ಇರಬೇಕು. ಅವನ ಹಳೆಯ ಲೇಔಟಿನಲ್ಲಿ ಹಿಂದಿನ ಗೋಡೆಯವರೆಗೂ ಪ್ಲಾಟುಗಳು ಮಾರಿಹೋಗಿದ್ದವು, ಅಲ್ಲಿಂದ ದಾರಿ ತೆಗೆಯುವಂತಿರಲಿಲ್ಲ. ಆದರೆ ನಮ್ಮ ಹೊಲದಲ್ಲಿ ದಾರಿ ಇತ್ತು. ಅತ್ತೆಯೇ ಬರೆದುಕೊಟ್ಟದ್ದು, ಯಾರೂ ಮುಚ್ಚಲಾಗದ್ದು. ಗೋಡೆ ಕಟ್ಟಿ ಪಡೆಯಲಾಗದ ಹೊಲಗಳನ್ನು ಕಾಕಾ ಆ ದಾರಿ ಹಿಡಿದು ಪಡೆದ.

ಮೊದಲು ಮಾರಿದವನು ಈರಪ್ಪ. ಪೇಢೆಯ ಡಬ್ಬಿ ಹಿಡಿದುಕೊಂಡು ಬಂದ. ಅವನು ಕೆಟ್ಟವನಾಗಿರಲಿಲ್ಲ. ಇದನ್ನು ಹೇಳಿಬಿಡಬೇಕು. ಹೊಲ ಹಿಡಿಯುವ ಮನಸ್ಸಿನವರು ಅವನ ಮನೆಯಲ್ಲಿ ಯಾರೂ ಉಳಿದಿರಲಿಲ್ಲ, ಅವನ ಸೊಂಟ ಹಿಡಿದುಕೊಂಡು ಬಹಳ ಕಾಲವಾಗಿತ್ತು.

"ಯವ್ವಾ, ಒಳ್ಳೆ ರೇಟ್ ಬಂತು, ಕೊಟ್ಬಿಟ್ಟೆ. ನಿನ್ನ ದಾರಿ ಪುಣ್ಯ. ಬಾಯಿ ಸಿಹಿ ಮಾಡ್ಕೊ."

"ದಾರಿ ಕೊಟ್ಟಿದ್ದು ಬಿತ್ತಾಕೋ ಈರಪ್ಪಾ."

ಈರಪ್ಪ ನೆಲ ನೋಡಿದ. "ಖರೇ ಐತಿ. ಆದ್ರ ದಾರಿ ಆದಮ್ಯಾಲೆ ಅದರಾಗ ಇಂಥವರ ಬರಬೇಕು, ಇಂಥವರ ಬರಬಾರದು ಅಂತ ಹ್ಯಾಂಗವ್ವಾ ಹೇಳೂದು?"

ಅತ್ತೆ ಒಂದು ಪೇಢೆ ತೆಗೆದುಕೊಂಡರು. ಅರ್ಧ ಮುರಿದು ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ನುಂಗಿ, "ಚಲೋ ಆತು" ಅಂದರು.

ಈರಪ್ಪನ ಹಿಂದೆಯೇ ಉಳಿದವರೂ ಮಾರಿದರು. ಮಣ್ಣಿನ ದಾರಿಗೆ ಡಾಂಬರು ಬಂತು, ದೀಪದ ಕಂಬ ಬಂತು, ದಾರಿಯ ಬಾಯಲ್ಲಿ ಕಾಕಾನ ಲೇಔಟಿನ ಹೆಸರಿನ ಫಲಕ ಬಂತು. ನಮ್ಮ ಹೊಲ ಮನೆಗಳ ನಡುವೆ ಸಿಕ್ಕಿಕೊಂಡಿತು. ಮುಂಜಾನೆ ಹೋದರೆ ಬದುವಿನಲ್ಲಿ ಕಸದ ಪ್ಲಾಸ್ಟಿಕ್ ಚೀಲಗಳು. ರಾಶಿ ಮಾಡುವ ದಿನ ಧೂಳು ಹಾರುತ್ತದೆಂದು, ಒಣಹಾಕಿದ ಬಟ್ಟೆ ಕೆಡುತ್ತವೆಂದು ಸುತ್ತಲಿನ ಮನೆಯವರು ಜಗಳಕ್ಕೆ ಬಂದರು. ಒಬ್ಬ ಹೆಣ್ಣುಮಗಳು, "ಮನಿಗಳ ನಡುವ ಯಾರರ ಒಕ್ಕಲುತನ ಮಾಡ್ತಾರೇನ್ರಿ?" ಎಂದು ಕೇಳಿದಳು. ಅತ್ತೆ ಮನೆಗೆ ಬಂದು ನನಗೆ ಹೇಳಿದರು: "ಖರೇ ಅಂತಾಳವ್ವಾ ಆಕಿ. ನಾನ ತಪ್ಪಿದ ಜಾಗಾದಾಗ ನಿಂತೀನಿ."

ಆ ಮಾತು ನನಗೆ ಇವತ್ತಿಗೂ ನುಂಗಲಾಗಿಲ್ಲ. ಇಡೀ ಊರು ಜಾಗ ಬದಲಿಸಿತು, ಜಾಗ ತಪ್ಪಿದವಳು ಮಾತ್ರ ಅಲ್ಲಾಡದೆ ನಿಂತವಳು.

ಅದೇ ವರ್ಷ ಅವರು ಹೊಲವನ್ನು ನನ್ನ ಹೆಸರಿಗೆ ಮಾಡಿದರು. ನಾನು ಬೇಡವೆಂದೆ, ನಮ್ಮ ಮನೆಯವರು ಕೆಲವು ದಿನ ಊಟದ ಹೊತ್ತಿಗೆ ಮಾತು ಬಿಟ್ಟರು. ಅತ್ತೆ ಇಬ್ಬರಿಗೂ ಕೇಳುವಂತೆ ಹೇಳಿದರು: "ಮಗಗ ಕೊಟ್ರ ಮಾರ್ತಾನ. ಈಕಿ ಹೊರಗಿಂದ ಬಂದಾಕಿ, ಮಾರಾಕ ಅಂಜ್ತಾಳ." ಅದು ಹೊಗಳಿಕೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ಮುಂಗಾರಿ ಮುಗಿದು, ಹಿಂಗಾರಿಯ ಹದಕ್ಕೆ ಕಾಯುತ್ತಿದ್ದ ದಿನಗಳಲ್ಲಿ ಅತ್ತೆ ತೀರಿಕೊಂಡರು. ಹೊಲದಿಂದ ಬಂದು, ಕಟ್ಟೆಯ ಮೇಲೆ ಕುಳಿತು, ನೀರು ಕೇಳಿದ್ದರು. ನಾನು ತಂಬಿಗೆ ತರುವುದರೊಳಗೆ ಗೋಡೆಗೆ ಒರಗಿದ್ದರು.

ನಮ್ಮಲ್ಲಿ ಹೂಳುವುದು ಪದ್ಧತಿ, ಅದೂ ಸ್ವಂತ ಹೊಲದಲ್ಲಿ. ಮಾವನವರ ಪಕ್ಕದಲ್ಲಿ ಗುಣಿ ತೋಡಲು ಆಳುಗಳು ಹೋಗಿದ್ದರು. ಸ್ವಲ್ಪ ಹೊತ್ತಿಗೇ ವಾಪಸು ಬಂದರು. ಲೇಔಟಿನ ಜನ ಸೇರಿ ತಡೆದಿದ್ದರು. ವಸತಿ ಪ್ರದೇಶ, ನಮ್ಮ ಕಿಟಕಿ ತೆರೆದರೆ ಗೋರಿ ಕಾಣಬೇಕೇ, ಮಕ್ಕಳು ಹೆದರುತ್ತಾರೆ ಎಂದರು. ಕಾನೂನೂ ಅವರ ಕಡೆಗಿತ್ತು. ನಾನು ಅಲ್ಲಿಗೆ ಹೋದೆ. ಜನರ ಹಿಂದೆ, ಲೇಔಟಿನಲ್ಲೇ ಕಟ್ಟಿಸಿದ ತನ್ನ ಹೊಸ ಮನೆಯ ಗೇಟು ಹಿಡಿದುಕೊಂಡು ಈರಪ್ಪ ನಿಂತಿದ್ದ.

"ಈರಪ್ಪಜ್ಜಾ, ನೀವರ ಒಂದ ಮಾತು ಹೇಳ್ರಿ" ಎಂದು ಅವನನ್ನು ಕೇಳಿದೆ.

ಅವನು ಗೇಟಿನೊಳಗೆ ಸರಿದ.

ನಮ್ಮ ಕಾಕಾ ಬಿಳಿ ಅಂಗಿ ಹಾಕಿಕೊಂಡು ಬಂದು ಎಲ್ಲರನ್ನೂ ಸಮಾಧಾನ ಮಾಡಿದ. "ಹೆಣ ಇಟ್ಕೊಂಡು ಜಗಳ ಚಂದಲ್ಲ" ಎಂದ. ಅತ್ತೆಯನ್ನು ಪಟ್ಟಣದ ರುದ್ರಭೂಮಿಗೆ ಒಯ್ದರು. ಪಕ್ಕದಲ್ಲಿ ಯಾರದೋ ಗುರುತಿಲ್ಲದವರ ಗುಣಿ. ಮಣ್ಣು ಹಾಕುವಾಗ ನೋಡಿದೆ, ಕೆಂಪು ಗರಸು. ಎರೆಮಣ್ಣಲ್ಲ.

ಎಲ್ಲ ಕಾರ್ಯ ಮುಗಿದ ಮೇಲೆ ಕಾಕಾ ಮನೆಗೆ ಬಂದು ಕುಳಿತ. "ವೈನಿ ಹಟಮಾರಿ. ನೀ ಓದಿದಾಕಿ, ನಿನಗ ತಿಳೀತೈತಿ. ಆ ಹೊಲದಾಗ ಏನೈತಿ ಇನ್ನ?" ಎಂದ. ನಮ್ಮ ಮನೆಯವರು ನನ್ನ ಮುಖ ನೋಡಿದರು.

"ಬಿತ್ತೂದೈತ್ರಿ ಕಾಕಾ" ಎಂದೆ. ಅತ್ತೆ ಹೇಳಿದ್ದು ನಿಜ, ನನಗೆ ಮಾರುವ ಧೈರ್ಯವಿರಲಿಲ್ಲ. ಬಿತ್ತುವ ಧೈರ್ಯವೂ ಅಷ್ಟೊಂದು ಇರಲಿಲ್ಲ.

ನಮ್ಮೂರಲ್ಲಿ ಬಿತ್ತುವ ಟ್ರ್ಯಾಕ್ಟರ್ ಸಿಗಲಿಲ್ಲ. ಇದ್ದವೆಲ್ಲ ಇಟ್ಟಿಗೆ, ಉಸುಕು ಹೇರುತ್ತವೆ. ಮುಶಿಗೇರಿಯಿಂದ ಒಬ್ಬನನ್ನು ಕರೆಸಿದೆ. ರವಿವಾರ ಬೆಳಿಗ್ಗೆ ಅವನ ಫೋನು ಬಂತು.

"ಅಕ್ಕಾರ, ನೀವು ಹೇಳಿದ ಕಡೆ ಬಂದೀನಿ. ಇಲ್ಲಿ ಡಾಂಬರ ರಸ್ತಾ ಐತಿ, ಎರಡೂ ಕಡೆ ಬರೇ ಮನಿ ಅದಾವ. ಹೊಲದ ದಾರಿ ಎಲ್ಲೈತ್ರಿ?"

"ನೀ ನಿಂತದ್ದ ಹೊಲದ ದಾರಿ ತಮ್ಮಾ" ಎಂದೆ. "ಸೀದಾ ಬಾ."