ನಾಲ್ಕು ಚಕ್ರದ ತೂಕ

ಅವನ ತೂಕ ಇಳಿಯುತ್ತಿರುವುದು ಮನೆಯವರಿಗಿಂತ ಮೊದಲು ನನಗೆ ಗೊತ್ತಾಗಿತ್ತು. ಅವನು ತೀರಿಕೊಂಡು ವರ್ಷವಾಗುತ್ತ ಬಂತು. ಅವನ ಹೆಂಡತಿಯನ್ನೂ ಡಾಕ್ಟರನ್ನೂ ಬಿಟ್ಟರೆ ಈ ಸಂಗತಿ ಇನ್ನೂ ಯಾರಿಗೂ ಗೊತ್ತಿಲ್ಲ.

ಸುಂಕದಕಟ್ಟೆಯಲ್ಲಿ ನನ್ನದೊಂದು ಶೆಡ್ಡಿದೆ. ರೇಸ್ ಕಾರುಗಳ ಸಸ್ಪೆನ್ಷನ್, ಅಂದರೆ ಚಕ್ರಗಳ ಮೇಲೆ ಕಾರಿನ ಭಾರ ಹೊರುವ ಸ್ಪ್ರಿಂಗುಗಳನ್ನು, ಹೊಂದಿಸುವುದು ನನ್ನ ಕೆಲಸ. ಅವನು ನನ್ನ ಗಿರಾಕಿ; ಬಸವೇಶ್ವರನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಬಿಡುವು ಸಿಕ್ಕಾಗಲೆಲ್ಲ ಚೆನ್ನೈ ಕಡೆಯ ಟ್ರ್ಯಾಕಿಗೆ ಹೋಗಿ ರೇಸ್ ಓಡಿಸುವ ಹುಚ್ಚು. ಅಲ್ಲಿ ಎಡಕ್ಕೂ ತಿರುವು, ಬಲಕ್ಕೂ ತಿರುವು. ಕಾರು ಎರಡೂ ಕಡೆ ಒಂದೇ ಥರ ತಿರುಗಬೇಕಾದರೆ ನಾಲ್ಕು ಚಕ್ರಗಳ ಮೇಲೆ ಭಾರ ಸರಿಯಾಗಿ ಹಂಚಿರಬೇಕು. ಒಂದೊಂದು ಚಕ್ರದಡಿ ಒಂದೊಂದು ತೂಕದ ಯಂತ್ರ ಇಟ್ಟು, ಓಡಿಸುವವನನ್ನೇ ಸೀಟಿನಲ್ಲಿ ಕೂರಿಸಿ, ಸ್ಪ್ರಿಂಗಿನ ಕೆಳಗಿನ ರಿಂಗನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ ಹೋಗಬೇಕು. ಗಾರೆಯವರ ಹಾಗೆ ನೀರು ತುಂಬಿದ ಪೈಪು ಹಿಡಿದು ನೆಲದ ಮಟ್ಟ ನೋಡದೆ ನಾನು ಕೆಲಸಕ್ಕೆ ಕೈ ಹಾಕುವವನಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ಪ್ರತಿ ರೇಸಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಅವನು ಹೆಲ್ಮೆಟ್ ಹಾಕಿಕೊಂಡು ಬಂದು ಕೂರುತ್ತಿದ್ದ. "ಅಲ್ಲಾಡಬೇಡ ಕಣೋ" ಎಂದು ನಾನು ಬೈಯುತ್ತ ಅಂಕಿಗಳನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದೆ. ಒಂದು ಸಲ ಒಟ್ಟು ತೂಕ ಮೂರು ಕೆ.ಜಿ. ಕಡಿಮೆ ಬಂತು. ಮುಂದಿನ ಸಲ ಆರು. ಪೆಟ್ರೋಲ್ ಅಷ್ಟೇ ಇತ್ತು, ಟೈರುಗಳೂ ಅವೇ. ಯಂತ್ರ ಕೆಟ್ಟಿರಬೇಕೆಂದು ಮನೆಯಿಂದ ಇಪ್ಪತ್ತೈದು ಕೆ.ಜಿ. ಅಕ್ಕಿ ಮೂಟೆಯನ್ನು ಸ್ಕೂಟರಿನಲ್ಲಿ ತಂದು ನಾಲ್ಕರ ಮೇಲೂ ಇಟ್ಟು ನೋಡಿದೆ. ನಾಲ್ಕೂ ಇಪ್ಪತ್ತೈದೇ ತೋರಿಸಿದವು.

ಮೂರನೆಯ ಸಲಕ್ಕೆ ಎಲ್ಲ ಸೇರಿ ಒಂಬತ್ತು ಕೆ.ಜಿ. ಇಳಿದಿತ್ತು. ಸೀಟಿನ ಬೆಲ್ಟನ್ನು ಎರಡು ಬೆರಳಿನಷ್ಟು ಬಿಗಿ ಮಾಡಬೇಕಾಯಿತು.

"ಏನೋ, ಊಟ ಬಿಟ್ಟಿದೀಯಾ?"

"ಹಸಿವೇ ಆಗ್ತಿಲ್ಲ ಅಣ್ಣ. ಒಳ್ಳೇದೇ ಅಲ್ವಾ, ಗಾಡಿ ಹಗುರ ಆಗುತ್ತೆ."

"ಭೇಷ್! ಇನ್ನೆರಡು ಕೆ.ಜಿ. ಇಳಿಸು ಮಗಾ."

ಬಾಗಿಲ ತಗಡಿಗೆ ತೂತು ಕೊರೆದು ಕಾಲು ಕೆ.ಜಿ. ಉಳಿಸುವ ಜನ ನಾವು. ಒಂಬತ್ತು ಕೆ.ಜಿ. ಪುಕ್ಕಟೆ ಸಿಕ್ಕಿತೆಂದು ನನಗೆ ಖುಷಿಯಾಗಿತ್ತು. ಅವನ ತೂಕ ಇಳಿದಷ್ಟಕ್ಕೆ ಸರಿಯಾಗಿ ರಿಂಗುಗಳನ್ನು ತಿರುಗಿಸಿ ಕಾರನ್ನು ಹೊಂದಿಸಿದೆ. ಆ ರೇಸಿನಲ್ಲಿ ಅವನು ಎರಡನೆಯವನಾಗಿ ಬಂದ. ವಾಪಸ್ ಬಂದ ವಾರದಲ್ಲೇ ಆಸ್ಪತ್ರೆ ಸೇರಿದ.

ಮೂರು ದಿನಕ್ಕೆ ಅವನ ಹೆಂಡತಿ ಶೆಡ್ಡಿಗೆ ಬಂದಳು. ಅದಕ್ಕೆ ಮುಂಚೆ ಒಮ್ಮೆಯೂ ಬಂದವಳಲ್ಲ. ಕೂರಮ್ಮ ಎಂದರೂ ಕೂರಲಿಲ್ಲ.

"ಯಾವಾಗಿಂದ ತೂಕ ಇಳೀತಾ ಇದೆ ಅಂತ ಡಾಕ್ಟರ್ ಕೇಳ್ತಿದಾರೆ ಅಣ್ಣ. ನಂಗೆ ಗೊತ್ತಾಗ್ಲಿಲ್ಲ. ನಿಮ್ಮ ಪುಸ್ತಕದಲ್ಲಿರುತ್ತೆ ಅಂದ್ರು ಇವರು."

ಇತ್ತು. ಮೂರು ಸಾಲು, ಮೂರು ತಾರೀಕು, ನಾಲ್ಕು ಚಕ್ರದ ಅಂಕಿ, ಕೊನೆಗೆ ಒಟ್ಟು. ಮೂರನೆಯ ಸಾಲಿನ ತಾರೀಕಿನ ಪಕ್ಕದಲ್ಲೇ ನಾನು ಕೆಂಪು ಪೆನ್ನಿನಲ್ಲಿ 'ಒಳ್ಳೇದಾಯ್ತು' ಎಂದು ಬರೆದಿದ್ದೆ. ಆಕೆ ಅದರ ಮೇಲೆ ಬೆರಳಿಟ್ಟಳು.

"ಇದೇನು?"

"ಗಾಡಿಗಮ್ಮ," ಅಂದೆ. "ಗಾಡಿಗೆ ಒಳ್ಳೇದಾಯ್ತು ಅಂತ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆಕೆ ಡಾಕ್ಟರಿಗೆ ತೋರಿಸಲು ಫೋಟೋ ತೆಗೆಯುವುದಕ್ಕೆ ಫೋನ್ ಎತ್ತಿದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಹಾಳೆ ಹಿಡಿದುಕೊಳ್ಳುವ ನೆಪದಲ್ಲಿ ಹೆಬ್ಬೆರಳನ್ನು ಆ ಮಾತಿನ ಮೇಲೆ ಒತ್ತಿಟ್ಟೆ.

"ಕೈ ತೆಗೀರಿ ಅಣ್ಣ," ಅಂದಳು. "ತಾರೀಕು ಕಾಣ್ತಿಲ್ಲ."

ತೆಗೆದೆ.